ಸರ್ವರಿನೊಳಗ ಖುರ್ಷೀದ್ ಟೀಚರ್ ಕೈ

ಜೂನ್ 9, ಸೋಮವಾರ

ನಾನು ನೋಡಕೊಳ್ಳೋ ಲ್ಯಾಬಿಗೆ ಹೊಸ ಡೆಸ್ಕ್‌ಟಾಪ್ ಬಂದಾವ. ಹಳೇವು ಒಯ್ದಾರ. ಮುಂಜಾನಿಂದ ಇದ ಕೆಲಸ— ವೈರ್ ಹಾಕು, ಆನ್ ಮಾಡು. ಎಲ್ಲಾ ಛಲೋ ನಡದಾವ, ಸರ್ವರ್ ಮಾತ್ರ ಕಾಣವಲ್ದು. 'ನೆಟ್‌ವರ್ಕ್ ಪಾತ್ ಸಿಗಲಿಲ್ಲ' ಅಂತದ.

ಸರ್ವರ್ ಮೂಲ್ಯಾಗ ಗುಂಯ್ ಅಂತದ. ನಮ್ಮದು ಕಿವುಡ ಮಕ್ಕಳ ಶಾಲಿ, ಸಪ್ಪಳ ಮಕ್ಕಳಿಗೆ ಕೇಳಂಗಿಲ್ಲ. ಹುಡುಗ್ರು ಅದರ ಮ್ಯಾಲ ಅಂಗೈ ಇಟ್ಟು ನಗ್ತಾರ.

ಖುರ್ಷೀದ್ ಟೀಚರ್ ವಿಡಿಯೋ ಎಲ್ಲಾ ಅದರಾಗ. ಸಜ್ಜಿ ಬೆಳಿ, ಹತ್ತಿ ಬಿಡಸೋದು, ಕೃಷ್ಣಾ ಹೊಳಿ... ಪುಸ್ತಕದಾಗ ಇಲ್ಲದ ಸನ್ನೆ. ಮಕ್ಕಳ ಕೂಡ ಕೂತು ಮಾಡಿದ್ದು. ಹೋದ ಚಳಿಗಾಲ ಟೀಚರಿಗೆ ಲಕ್ವಾ ಹೊಡೀತು. ಬಲಗೈ ಏಳಂಗಿಲ್ಲ, ನಾಲಿಗಿ ಹೊಳ್ಳಂಗಿಲ್ಲ. ಬ್ಯಾರೆ ಕಾಪಿ ಇಲ್ಲ.

ಜೂನ್ 10

ಕಾರಣ ಸಿಕ್ತು. ಸರ್ವರ್ ಹಳೇ ಪದ್ಧತಿಲೇ ಫೈಲ್ ಕೊಡ್ತದ. ಹೊಸ ವಿಂಡೋಸ್ ಅದನ್ನ ಸೇಫ್ ಅಲ್ಲ ಅಂತ ಬಂದ್ ಮಾಡ್ಯದ. ಸರ್ವರಿನ ಸೆಟ್ಟಿಂಗ್ ಬದಲಿ ಮಾಡ್ಬೇಕು. ಪಾಸ್‌ವರ್ಡ್ ಟೀಚರಿಗೆ ಅಷ್ಟ ಗೊತ್ತು. ರೀಸೆಟ್ ಮಾಡಾಕ ಹೋಗಿ ಇದ್ದದ್ದೂ ಹೋದ್ರ? ಅಂಜಿಕಿ.

ಹೆಡ್‌ಮಾಸ್ಟರ್ ಭಗವಂತರಾಯ ಸರ್ ಬಂದ್ರು.

"ಹಳೇ ಡಬ್ಬಿ ಯಾಕ್ರಿ? ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡೀರಿ."

"ಟೀಚರ್‌ನ ಕೇಳಿ ಬರ್ತೀನ್ರಿ ಸರ್."

"ಶನಿವಾರದ ಮಟ ನೋಡ್ರಿ."

ಜೂನ್ 12

ಸುರಪುರ, ಟೀಚರ್ ಮನಿ. ಟೀಚರ್ ಮಗಳು ಸಮ್ರೀನ್ ಬಾಗಿಲಾ ತೆಗದ್ಲು. "ಅಮ್ಮಿ ಯಾರನ್ನೂ ನೋಡವಲ್ರು, ಅಕ್ಕಾ."

ಆದ್ರೂ ಒಳಗ ಕರದ್ಲು. ಟೀಚರ್ ಗ್ವಾಡಿ ಕಡಿ ಮುಖ ಮಾಡಿ ಕುಂತಿದ್ರು. ಎಲ್ಲಾ ಹೇಳಿದೆ. ಪಾಸ್‌ವರ್ಡ್ ಹೇಳಾಕ ಬಾಯಿ ತೆಗದ್ರು... ಬರೇ ಉಸಿರು. ಮತ್ತ ತೆಗದ್ರು. ಕಣ್ಣು ತುಂಬಿ ಬಂತು.

"ಸಾಕು ಅಕ್ಕಾ," ಅಂದ್ಲು ಸಮ್ರೀನ್.

ಎದ್ದೆ. ಟೀಚರ್ ಎಡಗೈ ನನ್ನ ಸೆರಗು ಹಿಡೀತು. ನನ್ನ ಅಂಗೈ ಬಿಡಿಸಿ ಬೆರಳಿಲೆ ಬರಿಯಾಕ ಹತ್ತಿದ್ರು. ಸೊಟ್ಟ ಸೊಟ್ಟ. ಒಂದೊಂದ ಅಕ್ಷರ. ಕಣ್ಣು ಮುಚ್ಚಿದೆ— ಕಚಗುಳಿ, ನಿದ್ದಿಯೊಳಗ ಯಾರೋ ಕರದಂಗ. ಅಂಜನಾ— ಪಾಸ್‌ವರ್ಡ್ ಇದ. ಅವರ ಮೊದಲನೇ ವಿದ್ಯಾರ್ಥಿನಿ. ಈಗ ಹತ್ತಿಕುಣ್ಯಾಗ ಟೇಲರ್.

ಬಸ್ಸಿನ್ಯಾಗ ಮುಷ್ಟಿ ಬಿಗಿ ಹಿಡಕೊಂಡೇ ಕುಂತೆ. ಬಿಟ್ರ ಅಳಿಸಿ ಹೋಗ್ತದ ಅನ್ನೋಹಂಗ.

ಜೂನ್ 13, ಮಧ್ಯಾಹ್ನ

ಲಾಗಿನ್ ಆಯ್ತು. ಮೊದಲು ಎಲ್ಲಾ ಕಾಪಿ ತಗೊಂಡೆ. ಆಮ್ಯಾಲ ಸೆಟ್ಟಿಂಗ್‌ದಾಗ ಒಂದ ಸಾಲು ತಿದ್ದಿದೆ, ರೀಸ್ಟಾರ್ಟ್. ಈಗ ಸರ್ವರ್ ಕಾಣಾಕತ್ತದ, ಫೋಲ್ಡರ್ ತೆರೀವಲ್ದು— ಹೆಸರಿಲ್ಲದವರನ್ನ ಒಳಗ ಬಿಡಂಗಿಲ್ಲ ಅಂತ. ಒಂದೊಂದ ಮಷೀನಿಗೂ ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟೆ.

ತೆರೀತು.

'ಹೊಳಿ' ಒತ್ತಿದೆ. ಟೀಚರ್ ಎರಡೂ ಕೈ ಒಂದರ ಹಿಂದ ಒಂದು ಹರಕೋತ ಹೋದ್ವು. ಹೊರಗ ಬಿಸಲು. ಲ್ಯಾಬಿನ್ಯಾಗ ಮೊಣಕಾಲ ಮಟ ನೀರು ನಿಂತಂಗ... ಎಷ್ಟ ಹೊತ್ತು ಕುಂತೆ, ಗೊತ್ತಿಲ್ಲ.

ಜೂನ್ 14, ಶನಿವಾರ

ಸಮ್ರೀನ್ ಟೀಚರ್‌ನ ಕರಕೊಂಡು ಬಂದ್ಲು. ಎಲ್ಲಾ ಸ್ಕ್ರೀನ್‌ದಾಗೂ ಅವರ ವಿಡಿಯೋ ಹಚ್ಚಿಟ್ಟಿದ್ದೆ. ಟೀಚರ್ ಅದರಾಗಿನ ತಮ್ಮ ಬಲಗೈನ ಭಾಳ ಹೊತ್ತು ನೋಡಿದ್ರು. ಬಂದ್ ಮಾಡು ಅಂತ ಸನ್ನೆ ಮಾಡಿದ್ರು. ತಪ್ಪು ಮಾಡಿದೆನೇನೋ. ಬಂದ್ ಮಾಡಿದೆ.

ಆಮ್ಯಾಲ ನನ್ನ ಫೋನ್ ತೋರಿಸಿ, ರೆಕಾರ್ಡ್ ಮಾಡು ಅಂತ ಸನ್ನೆ ಮಾಡಿದ್ರು. ಬೋರ್ಡಿನ ಮ್ಯಾಲ ಎಡಗೈಲೆ ಬರದ್ರು: ಲಕ್ವಾ. ಲ್ಯಾಬಿನ್ಯಾಗ ಕೂಡಿದ್ದ ಮಕ್ಕಳ ಕಡಿ ತಿರುಗಿ ಹುಬ್ಬು ಏರಿಸಿದ್ರು— ಇದಕ್ಕ ಏನ್ ಸನ್ನೆ?

ಊಟದ ಬೆಲ್ಲಿನ ಲೈಟ್ ಹತ್ತಿತು. ಯಾರೂ ಏಳಲಿಲ್ಲ. ದಾನೇಶ್ವರಿ ಅನ್ನೋ ಹುಡುಗಿ ಹತ್ರ ಬಂದು ಟೀಚರ್ ಬಲಗೈ ತನ್ನ ಅಂಗೈ ಮ್ಯಾಲ ಇಟಗೊಂಡು ನಿಧಾನಕ್ಕ ಮ್ಯಾಲೆ ಎತ್ತಿದ್ಲು. ಇಬ್ಬರು ಕೂಡಿದ್ರಷ್ಟ ಆಗೋ ಸನ್ನೆ. ಟೀಚರ್ ತಲಿ ಅಲ್ಲಾಡಿಸಿದ್ರು, ಹೌದು. ಆಮ್ಯಾಲ ಅವರು ಎಡಗೈಲೆ ನನ್ನ ಫೋನ್ ತೋರಿಸಿ, ಮೂಲ್ಯಾಗಿನ ಸರ್ವರ್ ತೋರಿಸಿದ್ರು— ಇದನ್ನೂ ಅದರಾಗ ಇಡು.