ಬಿಷಪ್ಪನ ಕೊನೆಯ ಸಹಿ

ಅಪ್ಪಾ,

ನಿಮ್ಮ ಬಿಷಪ್ಪನ ಕೈಬರಹವನ್ನು ಇವತ್ತು ಆಸ್ಟಿನ್‌ನ ಲೈಬ್ರರಿಯಲ್ಲಿ ನೋಡಿದೆ. ನಾನೂರು ವರ್ಷದ ಹಿಂದಿನ ಆ ಇಂಗ್ಲಿಷ್ ಕಮ್ಮಾರನ ಮಗನ ಮೇಲೆ ಮೈಸೂರಲ್ಲಿ ಕೂತು ಮೂವತ್ತು ವರ್ಷ ಥೀಸಿಸ್ ಬರೆದಿರಿ; ಅವನ ಒಂದು ಕಾಗದವನ್ನೂ ಕಾಣದೆ ಹೋದಿರಿ. ಬಿಷಪ್ ಆದವರು ಅಪ್ಪನಿಂದ ಬಂದ ಹೆಸರು ಬಿಟ್ಟು, ತಮ್ಮ ಪೀಠದ ಊರಿನ ಹೆಸರಲ್ಲಿ ಸಹಿ ಹಾಕುತ್ತಿದ್ದರು ಅಂತ ನೀವೇ ಹೇಳಿದ್ದು. ನಾನು ನೋಡಿದ್ದು, ಹೊಸ ರಾಜ ಅವನನ್ನು ಪೀಠದಿಂದ ಇಳಿಸಿದ ಮೇಲೆ ಬರೆದ ಪತ್ರ. ಸಹಿಯಲ್ಲಿ ಅವನ ಅಪ್ಪನ ಹೆಸರು ವಾಪಸ್ ಬಂದಿದೆ.

ಇಲ್ಲಿ ಸಿಟಿಜನ್ ಆದಾಗ, ನನ್ನ ಹೆಸರು ಉದ್ದವಾಯಿತು ಅಂತ ಅದರಿಂದ ನಿಮ್ಮ ಹೆಸರನ್ನು ತೆಗೆಸಿಬಿಟ್ಟೆನಲ್ಲ. ಫೋನಿನಲ್ಲಿ ‘ಸರಿ ಬಿಡಮ್ಮ’ ಅಂದಿರಿ, ಅಷ್ಟೇ.

ಹೊರಡುವಾಗ ರಿಜಿಸ್ಟರಿನಲ್ಲಿ ಪೂರ್ತಿ ಬರೆದೆ: ಸುಮೇಧಾ ಶೇಷಗಿರಿ. ಕೌಂಟರಿನಾಕೆ, ‘ನಿಮ್ಮ ಡ್ರೈವಿಂಗ್ ಲೈಸೆನ್ಸಲ್ಲಿ ಶೇಷಗಿರಿ ಇಲ್ಲ, ಹೊಡೆದುಹಾಕಿ’ ಅಂದಳು.

ಈ ಸಲ ಹೊಡೆದುಹಾಕೋಕೆ ತುಂಬ ಹೊತ್ತು ಹಿಡಿಯಿತು, ಅಪ್ಪ.