ಮೂರನೆಯ ವಿಷಯ

ಮೈಸೂರು
ಶನಿವಾರ, ೨೨-೬-೧೯೬೩

ಪ್ರೀತಿಯ ಅಮ್ಮನಿಗೆ, ಇಷ್ಟು ದೂರದಿಂದಲೇ ನಿನ್ನ ಕಾಲು ಮುಟ್ಟಿ ಹರಿಣಾಕ್ಷಿ ಮಾಡುವ ನಮಸ್ಕಾರಗಳು.

ಕಾಗದ ನೆರೆಮನೆಯ ಲೈಲಾಳ ಹೆಸರಿಗೆ ಬಂದದ್ದು ನೋಡಿ ನೀನು ಗಾಬರಿಯಾಗಿರಬಹುದು. ನಾನು ಆರೋಗ್ಯವಾಗಿದ್ದೇನೆ. ಹಾಸ್ಟೆಲಿನ ಊಟವೂ ಒಗ್ಗಿದೆ. ಮನೆಗೆ ಬರುವ ಕಾಗದವನ್ನೆಲ್ಲ ಅಪ್ಪಯ್ಯ ಒಡೆದು ಓದಿಯೇ ನಿನಗೆ ಕೊಡುತ್ತಾರಲ್ಲ, ಅದಕ್ಕೆ ಹೀಗೆ ಮಾಡಿದೆ. ಓದಿದ ಮೇಲೆ ಒಲೆಗೆ ಹಾಕು.

ಬಿ.ಎ.ಗೆ ಮೂರು ಐಚ್ಛಿಕ ವಿಷಯ ಆರಿಸಿ ಸೋಮವಾರದೊಳಗೆ ಫಾರಂ ಕೊಡಬೇಕು. ಕನ್ನಡ, ಇತಿಹಾಸ, ಮನಶ್ಶಾಸ್ತ್ರ ಎಂದು ಅಪ್ಪಯ್ಯ ಹೇಳಿಯೇ ಕಳಿಸಿದ್ದಾರೆ. ಆಮೇಲೆ ಬಿ.ಎಡ್., ಆಮೇಲೆ ಬೆಳ್ಳಾರೆಯ ಶಾಲೆ. ನಾನು ತಲೆಯಾಡಿಸಿ ಬಂದವಳು. ಇಲ್ಲಿ ಬಂದು ನೋಡಿದರೆ ಪತ್ರಿಕೋದ್ಯಮ ಅಂತಲೂ ಒಂದು ವಿಷಯ ಉಂಟು. ಅದನ್ನು ಕಲಿಸುವ ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. ಜೊತೆಗೆ ಇತಿಹಾಸ, ರಾಜ್ಯಶಾಸ್ತ್ರ ತೆಗೆದುಕೊಂಡರೆ ಕೋರ್ಟು ಕಚೇರಿ ಹೇಗೆ ನಡೆಯುತ್ತವೆಂದು ತಿಳಿಯುತ್ತದೆ, ಸಂಜೆ ಹೊತ್ತು ಶಾರ್ಟ್‌ಹ್ಯಾಂಡ್ ಕಲಿತುಕೋ ಎಂದರು. ಸೀಟು ಇರುವುದು ಹದಿನೈದೇ. ಸೇರಬೇಕೆನ್ನುವವರು ಕಣ್ಣಾರೆ ಕಂಡ ಒಂದು ಘಟನೆಯನ್ನು ಎರಡು ಪುಟದಲ್ಲಿ ಬರೆದುಕೊಡಬೇಕಂತೆ.

ಪುತ್ತೂರಿನ ಕಾಲೇಜಿನ ವಾರ್ಷಿಕೋತ್ಸವದ ಬಗ್ಗೆ ಬರೆಯೋಣವೆಂದು ಕೂತೆ. ಬರೆದದ್ದು ನಮ್ಮ ದೋಣಿಯ ಬಗ್ಗೆ.

ಆ ದಿನದ ಮಾತನ್ನು ನಾವು ಮನೆಯಲ್ಲಿ ಒಮ್ಮೆಯೂ ಆಡಿಲ್ಲ ಅಮ್ಮ. ಇವತ್ತು ಆಡುತ್ತೇನೆ.

ಕಳೆದ ವರ್ಷ ಆಟಿ ತಿಂಗಳ ಮಳೆಯಲ್ಲಿ, ನಾನು ಪುತ್ತೂರಿನಿಂದ ಆದಿತ್ಯವಾರಕ್ಕೆಂದು ಬಂದಿದ್ದೆ. ಕೊಡೆ ಹಿಡಿದು, ದೋಣಿ ಹತ್ತುವ ಕಡವಿನ ಕಲ್ಲಿನ ಮೇಲೆ ನಿಂತಿದ್ದೆ. ದೋಣಿಯಲ್ಲಿ ಆಗಲೇ ಒಂಬತ್ತು ಜನ. ಅಪ್ಪಯ್ಯ ಅದರ ಮೇಲೆ ಅಕ್ಕಿಮುಡಿಗಳನ್ನು ಹೇರಿಸುತ್ತಿದ್ದರು. ಮೂಸಕುಂಞಿ ಹುಟ್ಟು ಕೆಳಗಿಟ್ಟು ಕೈ ಮುಗಿದ. "ಇವತ್ತು ಬೇಡ ಧಣಿಗಳೇ, ನೀರಿನ ಬಣ್ಣ ನೋಡಿ. ಜನರನ್ನು ದಾಟಿಸಿ ಬರ್ತೇನೆ, ಮುಡಿ ನಾಳೆ ಕೊಂಡೋಗುವ" ಎಂದ. "ನಿನಗೆ ಹೆದರಿಕೆಯಾದ್ರೆ ಹೇಳು ಮಾರಾಯ, ಬೇರೆಯವರನ್ನು ಇಡ್ತೇನೆ" ಎಂದರು ಅಪ್ಪಯ್ಯ. ಅವನು ಹುಟ್ಟು ಎತ್ತಿಕೊಂಡ. ನಡುಹೊಳೆಯಲ್ಲಿ ದೋಣಿ ಮಗುಚಿತು. ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಚೆನ್ನು ಸಿಕ್ಕಿದ್ದು ಮೂರನೆಯ ದಿನ. ಅದೇ ದೋಣಿಯಲ್ಲಿದ್ದ ಬೆಳ್ಯಪ್ಪಣ್ಣ ಸಿಗಲೇ ಇಲ್ಲ.

ಇನ್‌ಸ್ಪೆಕ್ಟರು ಬಂದಾಗ ಅಪ್ಪಯ್ಯ, "ನಾನು ಆ ದಿನ ಊರಲ್ಲೇ ಇರಲಿಲ್ಲ, ಮೂಸ ನನ್ನಲ್ಲಿ ಕೇಳದೆ ಮುಡಿ ಹೇರಿದ್ದು" ಎಂದರು. "ಬೇಕಾದ್ರೆ ಇವಳನ್ನು ಕೇಳಿ" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಹೌದು ಎಂದೆ. ಒಂದೇ ಮಾತು. ನನಗೆ ಆಗ ಹೊಳೆಗಿಂತ ಆ ಕೈಯ ಹೆದರಿಕೆಯೇ ಹೆಚ್ಚಿತ್ತು. ದೋಣಿಯಲ್ಲಿ ಬದುಕುಳಿದವರು ನಮ್ಮ ಒಕ್ಕಲಿನವರು, ಅವರೂ ಅದನ್ನೇ ಹೇಳಿದರು; ಕೇಸು ಮೂಸಕುಂಞಿಯ ಮೇಲೆ ಬಿತ್ತು.

ಹುಡುಗಿಯರಿಗೆ ಇಷ್ಟು ಓದು ಸಾಕೆನ್ನುತ್ತಿದ್ದ ಅಪ್ಪಯ್ಯ ಮೈಸೂರಿಗೆ ಒಮ್ಮೆಲೇ ಯಾಕೆ ಒಪ್ಪಿದರೆಂದು ಇಲ್ಲಿ ಬಂದ ಮೇಲೆ ಹೊಳೆಯಿತು. ಕೇಸು ಮುಗಿಯುವ ತನಕ ನಾನು ದೂರ ಇರಲಿ ಎಂದು.

ಮೇಷ್ಟ್ರು ಎರಡು ಪುಟವನ್ನೂ ನನ್ನ ಎದುರಿಗೇ ಓದಿದರು. "ಇದು ಕಂಡದ್ದೋ, ಕಟ್ಟಿದ್ದೋ?" ಎಂದು ಕೇಳಿದರು. ಕಂಡದ್ದು ಎಂದೆ. ಕೇಸು ಮುಗಿದಿದೆಯೇ ಎಂದರು. ಇಲ್ಲ, ಜುಲೈ ಹತ್ತಕ್ಕೆ ಪುತ್ತೂರಿನ ಕೋರ್ಟಿನಲ್ಲಿ ವಿಚಾರಣೆ ಎಂದೆ. ಅವರು ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. "ಸೀಟು ಕೊಡ್ತೀನಮ್ಮ. ಆದ್ರೆ ಇದನ್ನ ಮೊದಲು ಓದಬೇಕಾದವನು ನಾನಲ್ಲ" ಎಂದರು.

ಆ ದಿನದಿಂದ ಹಾಸ್ಟೆಲಿನ ಬಾಗಿಲಲ್ಲಿ ಬಿಳಿ ಪಂಚೆ ಕಂಡರೆ ಅಪ್ಪಯ್ಯನೇ ಬಂದರೆಂದು ಕಂಬದ ಹಿಂದೆ ಸರಿಯುತ್ತೇನೆ. ಓದು ಬಿಡಿಸಿ ಕರೆದುಕೊಂಡು ಹೋದರೆ? ಮೊದಲು ಯಾಕೆ ಸುಳ್ಳು ಹೇಳಿದೆ ಎಂದು ಕೋರ್ಟಿನಲ್ಲಿ ಗದರಿಸಿದರೆ? ನಿನ್ನನ್ನು ಏನು ಮಾಡಿಯಾರು ಎಂಬ ಯೋಚನೆ ಬಂದರಂತೂ ನಡುರಾತ್ರಿ ಎದ್ದು ಕೂರುತ್ತೇನೆ. ಅವರು ನನ್ನನ್ನು ಎತ್ತಿ ಆಡಿಸಿದವರು, ಜ್ವರ ಬಂದಾಗ ಹೊತ್ತುಕೊಂಡು ಸುಳ್ಯದವರೆಗೆ ನಡೆದವರು. ಅದೂ ಮರೆತಿಲ್ಲ. ಮರೆತಿದ್ದರೆ ಸುಲಭವಾಗುತ್ತಿತ್ತು.

ಆದರೂ ಒಂದು ಕೆಲಸ ಮಾಡಿದ್ದೇನೆ. ಮೂಸಕುಂಞಿ ಲೈಲಾಳ ಮಾವ ಎಂದು ನಿನಗೆ ಗೊತ್ತುಂಟು. ಅವಳಿಂದ ಅವನ ವಕೀಲರ ವಿಳಾಸ ತರಿಸಿ, ಆ ಎರಡು ಪುಟವನ್ನು ಅವರಿಗೆ ಕಳಿಸಿದೆ. ನಿನ್ನೆ ಉತ್ತರ ಬಂತು. ಹತ್ತನೆಯ ತಾರೀಕು ನಾನು ಬಂದು ಸಾಕ್ಷಿ ಹೇಳಬೇಕಂತೆ. ಬರುತ್ತೇನೆ ಎಂದು ಬರೆದು ಇವತ್ತು ಬೆಳಿಗ್ಗೆಯೇ ಅಂಚೆಗೆ ಹಾಕಿದೆ. ಹಾಕಿದ ಮೇಲೆ ಡಬ್ಬಿಯ ಬಾಯಿಗೆ ಕೈ ತೂರಿಸಿ ತೆಗೆಯಲಾಗುತ್ತದೋ ಎಂದೂ ನೋಡಿದೆ. ಆಗಲಿಲ್ಲ.

ಫಾರಂ ಈಗ ನನ್ನ ಎದುರಿಗೇ ಉಂಟು. ಇತಿಹಾಸ, ರಾಜ್ಯಶಾಸ್ತ್ರ ಎಂದು ನಿನ್ನೆಯೇ ತುಂಬಿದ್ದೆ. ಮೂರನೆಯ ಸಾಲನ್ನು ಈ ಕಾಗದ ಬರೆಯುತ್ತಾ ನಡುವೆ ನಿಲ್ಲಿಸಿ ತುಂಬಿದೆ. ಪತ್ರಿಕೋದ್ಯಮ. ಅಕ್ಷರ ಸೊಟ್ಟಗಾಗಿದೆ. ಓದಲಿಕ್ಕೆ ಬರುತ್ತದೆ, ಅಷ್ಟು ಸಾಕು.

ನನ್ನ ಮೇಲೆ ಸಿಟ್ಟಾದರೂ ಪರವಾಗಿಲ್ಲ, ಅಮ್ಮ. ಉತ್ತರ ಮಾತ್ರ ಬರೆ.

ನಿನ್ನ ಮಗಳು,
ಹರಿಣಾಕ್ಷಿ

ಮ.ವಿ.: ಕಡವಿನಲ್ಲಿ ಆ ಹೊತ್ತು ನಿಂತಿದ್ದವರು ಇನ್ನು ಯಾರಾದರೂ ಇದ್ದಾರೆಯೇ ಎಂದು ವಕೀಲರು ಕೇಳಿದ್ದಾರೆ. ಆ ದಿನ ನನ್ನ ಕೊಡೆಯ ಕೆಳಗೆ ನೀನೂ ಇದ್ದೆ. ದೋಣಿ ಮಗುಚಿದಾಗ ನನ್ನ ಕಣ್ಣು ಮುಚ್ಚಿದ್ದು ನಿನ್ನ ಕೈ. ನಿನ್ನ ಹೆಸರನ್ನು ನಾನು ಬರೆದಿಲ್ಲ. ಬರೆಯುವುದೂ ಇಲ್ಲ, ನೀನು ಬರೆ ಎನ್ನುವ ತನಕ.