ಟೈಲರ್ ಹೊಡೆಯದ ಗಂಟೆ

ಹೊಲಿಗೆ ಕೋಣೆಯಿಂದ,
ಗುರುವಾರ, ಮಧ್ಯಾಹ್ನದ ಊಟ ಆದಮೇಲೆ

ಮಗಳನ್ನು ಕೊಟ್ಟ ತಪ್ಪಿಗೆ ನನ್ನನ್ನೂ ಸಹಿಸಿಕೊಂಡು ಬಂದ ಪ್ರೀತಿಯ ಅತ್ತೆಗೆ ನಿಮ್ಮ ಅಳಿಯನ ವಂದನೆಗಳು.

ಹೇಗಿದ್ದೀರಿ? ಮಂಡಿನೋವು ಹೇಗಿದೆ? ನೆಲದ ಮೇಲೆ ಮಂಡಿಯೂರಬೇಡಿ, ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡಿದರೂ ದೇವರಿಗೆ ಕೇಳಿಸುತ್ತೆ ಅಂತ ಡಾಕ್ಟರು ಬಡಕೊಂಡರೂ ನೀವು ಕಿವಿಗೆ ಹಾಕಿಕೊಳ್ಳೋದಿಲ್ಲವಂತೆ. ಹೋದ ವಾರ ನಿಮ್ಮ ಮಗಳು ಬರೆದಿದ್ದಳು. ಆ ಪ್ರಾರ್ಥನೆಯಲ್ಲಿ ಮುಕ್ಕಾಲು ಭಾಗ ನನ್ನದೇ ವಿಷಯ ಅಂತಲೂ ಬರೆದಿದ್ದಳು. ಹಾಗಿದ್ದರೆ ಮುಕ್ಕಾಲು ನೋವು ನಾನೇ ಕೊಟ್ಟದ್ದು ಅಂದ ಹಾಗಾಯಿತು. ದಯವಿಟ್ಟು ಒಂದು ದಿಂಬಾದರೂ ಹಾಕಿಕೊಳ್ಳಿ, ಇಲ್ಲಿಂದ ಕಳಿಸ್ತೀನಿ, ನಮ್ಮಲ್ಲಿ ದಿಂಬಿಗೇನೂ ಬರ ಇಲ್ಲ. ಮಾವನವರ ಕೆಮ್ಮು ಕಮ್ಮಿ ಆಯಿತಾ? ಪುಟ್ಟಿ ಈಗ ಅಳದೆ ಸ್ಕೂಲಿಗೆ ಹೋಗ್ತಾಳಾ, ಅಥವಾ ಅಜ್ಜಿ ಗೇಟಿನ ತನಕ ಬಂದರೆ ಮಾತ್ರವಾ?

ನಾನು ಚೆನ್ನಾಗಿದ್ದೀನಿ. ತಿಂದದ್ದು ಮೈಗೆ ಹತ್ತುತ್ತಿದೆ, ಷರಟಿನ ಗುಂಡಿಗಳನ್ನು ಕಿತ್ತು ಒಂದಿಂಚು ಆಚೆ ಹೊಲಿದುಕೊಂಡೆ. ಕೈನಡುಕ ಪೂರ್ತಿ ನಿಂತಿದೆ. ಬಂದ ಹೊಸದರಲ್ಲಿ ಸೂಜಿಗೆ ದಾರ ಪೋಣಿಸಬೇಕು ಅಂದರೆ ನನ್ನ ಕೋಣೆಯಲ್ಲಿರೋ ಮೇಷ್ಟ್ರನ್ನು ಕರೀಬೇಕಿತ್ತು. ಲೆಕ್ಕದ ಮೇಷ್ಟ್ರು, ಪಾಪ, ಅವರೂ ನನ್ನ ಹಾಗೆ ಕುಡಿದು ಕೆಲಸ ಕಳಕೊಂಡೇ ಇಲ್ಲಿಗೆ ಬಂದವರು. ಸೂಜಿ ಕಣ್ಣಲ್ಲಿ ಒಂಟೆಯಾದರೂ ನುಗ್ಗೀತು ಟೈಲರ್, ನಿನ್ನ ದಾರ ನುಗ್ಗೋ ಹಾಗೆ ಕಾಣಲ್ಲ ಅಂತ ಹಂಗಿಸ್ತಾ ಪೋಣಿಸಿಕೊಡೋರು. ಈಗ ಒಂದೇ ಏಟಿಗೆ ಪೋಣಿಸ್ತೀನಿ, ಕನ್ನಡಕ ಇಲ್ಲದೆ.

ಆದರೆ ಒಂದು ಕಡೆ ಕೂರೋಕೆ ಆಗ್ತಿಲ್ಲ ಅತ್ತೆ. ಮುಳ್ಳಿನ ಮೇಲೆ ಕೂತ ಹಾಗಿದೆ. ಇಲ್ಲಿ ಫೋನು ಕೊಡೋದಿಲ್ಲ, ಮನೆಗೆ ಬರೆಯೋಕೆ ಅಂತ ಗುರುವಾರ ಮಧ್ಯಾಹ್ನ ಬಿಡುವು ಕೊಡ್ತಾರೆ. ಉಳಿದವರೆಲ್ಲ ಬರೆದು ಮುಗಿಸಿ ಅಂಗಳಕ್ಕೆ ಹೋದರು. ನಾನು ಕಿಟಕಿ ಹಾಕೋಕೆ ಅಂತ ಎದ್ದೆ, ಸೆಕೆ ಅಂತ ಮತ್ತೆ ತೆಗೆಯೋಕೆ ಎದ್ದೆ, ಎಣ್ಣೆ ಬೇಡದ ಮೆಷಿನ್ನಿಗೆ ಎಣ್ಣೆ ಬಿಟ್ಟು ಹೊಸ ದಿಂಬಿನ ಕವರಿಗೆ ಕಲೆ ಮಾಡಿದೆ. ಕತ್ತರಿ ಮೆಷಿನ್ನಿನ ಎಡಗಡೆ ಡ್ರಾಯರಿನಲ್ಲಿದೆ. ಅದನ್ನು ಎಳೆಯೋದು ಬೇಡ ಅಂತ ಬೆಳಗಿಂದ ದಾರವನ್ನು ಹಲ್ಲಲ್ಲೇ ಕಡೀತಿದ್ದೀನಿ. ಎದುರಿನ ಗೋಡೆ ಮೇಲೆ ದಣಿದವರಿಗೆ ವಿಶ್ರಾಂತಿ ಕೊಡ್ತೀನಿ ಅನ್ನೋ ಕರ್ತನ ವಾಕ್ಯವನ್ನು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಾರೆ. ಯಾವ ಪುಣ್ಯಾತ್ಮನೋ ಸರಿಯಾಗಿ ವಿಶ್ರಾಂತಿ ಅನ್ನೋ ಪದದ ಮುಂದೆಯೇ ನೀರಿನ ಟ್ಯಾಂಕು ತಂದಿಟ್ಟಿದ್ದಾನೆ. ನನ್ನ ಕಿಟಕಿಯಿಂದ ದಣಿದವರು ಮಾತ್ರ ಕಾಣ್ತಾರೆ.

ಭಾನುವಾರದ ವಿಷಯ ದೊಡ್ಡಣ್ಣ ನಿಮಗೆ ಫೋನಿನಲ್ಲಿ ಹೇಳಿದ್ದಾರೆ ಅಂತ ಗೊತ್ತು. ದೊಡ್ಡಣ್ಣ ಅಂದರೆ ಕುಡಿತ ಬಿಡಿಸೋ ಈ ಮನೆ ನಡೆಸುವವರು, ಸೇರಿಸೋ ದಿನ ನೀವೇ ಅವರ ಹತ್ತಿರ ನನ್ನ ಜಾತಕ ಬಿಚ್ಚಿಟ್ಟಿರಲ್ಲ, ಅವರೇ. ಒಂದು ಕಾಲದಲ್ಲಿ ಕುಡಿದು ಲಾರಿ ಓಡಿಸಿದವರು, ಈಗ ನಮ್ಮನ್ನೆಲ್ಲ ಓಡಿಸ್ತಾರೆ. ಅವರು ಹೇಳೋ ರೀತಿ ನನಗೆ ಗೊತ್ತು, ಇರುವೆಯನ್ನು ಆನೆ ಮಾಡಿ ಹೇಳ್ತಾರೆ. ಅದಕ್ಕೇ ನಾನೇ ಬರೀತೀನಿ.

ಅದಕ್ಕೂ ಮೊದಲು ಗಂಟೆ ವಿಷಯ ಹೇಳಬೇಕು. ಊಟದ ಕೋಣೆಯ ಹೊರಗೆ ರೈಲು ಕಂಬಿಯ ತುಂಡೊಂದನ್ನು ಸರಪಳಿಯಲ್ಲಿ ತೂಗುಹಾಕಿದ್ದಾರಲ್ಲ, ಅದು ಊಟಕ್ಕೆ ಕರೆಯೋ ಗಂಟೆ ಅಂತ ಸೇರಿಸೋ ದಿನ ನೀವು ಅಂದುಕೊಂಡಿದ್ದಿರಿ. ಅಲ್ಲ ಅಂತ ಆಮೇಲೆ ದೊಡ್ಡಣ್ಣ ಹೇಳಿದರು, ನಾನು ಪೂರ್ತಿ ಹೇಳ್ತೀನಿ. ಯಾರಿಗಾದರೂ ಕುಡೀಬೇಕು ಅನ್ನೋ ಸೆಳೆತ ತಡೆಯೋಕೆ ಆಗದಷ್ಟು ಬಂದರೆ ಹೋಗಿ ಅದನ್ನು ಹೊಡೀಬೇಕು. ಕೇಳಿಸಿದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು ಅವನ ಸುತ್ತ ಕೂರಬೇಕು. ಯಾಕೆ ಅಂತ ಕೇಳೋ ಹಾಗಿಲ್ಲ, ಬುದ್ಧಿ ಹೇಳೋ ಹಾಗಿಲ್ಲ. ಅವನು ಸಾಕು ಅನ್ನೋ ತನಕ ಕೂರಬೇಕು, ಅಷ್ಟೇ. ಒಬ್ಬರಿಬ್ಬರು ಹಾಡು ಶುರುಮಾಡ್ತಾರೆ, ಅದೊಂದು ಶಿಕ್ಷೆ, ನಮ್ಮಲ್ಲಿ ಒಬ್ಬನಿಗೂ ಶ್ರುತಿ ಇಲ್ಲ. ಈ ಗಂಟೆಗೆ ಓಡಿ ಓಡಿ ನಾನು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಎಷ್ಟೋ ಕವರು ಸುಟ್ಟಿದ್ದೀನಿ. ಮೇಷ್ಟ್ರಂತೂ ಮೊದಮೊದಲು ದಿನಾ ಹೊಡೆಯೋರು, ಅನ್ನ ಬೇಯೋಕೂ ಬಿಡ್ತಿರಲಿಲ್ಲ.

ನಾನು ಮಾತ್ರ ಒಂದು ಸಲವೂ ಹೊಡೀಲಿಲ್ಲ. ಬಂದಾಗಿಂದ ಇವತ್ತಿನ ತನಕ. ಇಲ್ಲಿ ಅದೇ ನನ್ನ ಹೆಸರು, ಗಂಟೆ ಹೊಡೆಯದ ಟೈಲರ್. ಹೊಸಬರು ಬಂದರೆ ದೊಡ್ಡಣ್ಣ ನನ್ನನ್ನು ತೋರಿಸ್ತಾರೆ. ನೀವೆಲ್ಲ ನೋಡೋಕೆ ಬಂದಿದ್ದ ದಿನವೂ ತೋರಿಸಿ ಹೊಗಳಿದರು, ನೆನಪಿದೆಯಾ? ನೀವು ಸ್ತೋತ್ರ ಅಂದಿರಿ. ನಿಮ್ಮ ಮಗಳು ಮಾತ್ರ ಆ ಕಂಬಿಯನ್ನೇ ನೋಡ್ತಾ, ಮನೆಯಲ್ಲೂ ಅಷ್ಟೇ, ಇವರು ಯಾರನ್ನೂ ಕರೆಯೋದಿಲ್ಲ ಅಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಆವತ್ತಿಂದ ಹೊಲಿಯೋಕೆ ಕೂತಾಗೆಲ್ಲ ಆ ಮಾತೇ ಕೇಳಿಸುತ್ತೆ.

ಸರಿ, ಭಾನುವಾರಕ್ಕೆ ಬರ್ತೀನಿ. ದೊಡ್ಡಣ್ಣ ಕಣ್ಣಿನ ಆಪರೇಷನ್ನಿಗೆ ಹೋಗಿದ್ದರು. ಆರಾಧನೆ ನಡೆಸಿಕೊಡೋಕೆ ಹೊರಗಿನ ಸಭೆಯ ಪಾಸ್ಟರೊಬ್ಬರು ಬಂದರು, ಚಿಕ್ಕ ವಯಸ್ಸಿನವರು, ತುಂಬ ಒಳ್ಳೆಯವರು, ಇಂಥ ಮನೆಗೆ ಬಂದದ್ದು ಅದೇ ಮೊದಲು. ಆವತ್ತು ರೊಟ್ಟಿ, ದ್ರಾಕ್ಷಾರಸ ಹಂಚೋ ಕರ್ತನ ಭೋಜನ ಇತ್ತು. ನಮ್ಮಲ್ಲಿ ಅದಕ್ಕೆ ದ್ರಾಕ್ಷಿಯನ್ನು ಕುದಿಸಿ ಸೋಸಿದ ರಸವನ್ನೇ ಕೊಡೋದು. ಕುದಿಸೋದು, ಪುಟ್ಟ ಲೋಟಗಳಿಗೆ ತುಂಬೋದು ಈಗ ನನ್ನ ಕೆಲಸ. ಶನಿವಾರವೇ ಮಾಡಿ ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದೆ. ಪಾಸ್ಟರು ಬ್ಯಾಗಿನಿಂದ ಒಂದು ಬಾಟಲಿ ತೆಗೆದು, ನಮ್ಮ ಸಭೆಯಲ್ಲಿ ಇದನ್ನೇ ಬಳಸೋದು, ನಿಮಗ್ಯಾಕೆ ತೊಂದರೆ ಅಂತ ನಾನೇ ತಂದೆ ಅಂತ ನನ್ನ ಕೈಗಿಟ್ಟು ಹಾಡು ಹೇಳಿಕೊಡೋಕೆ ಮುಂದೆ ಹೋದರು. ನಾನು ಪಕ್ಕದ ಕೋಣೆಗೆ ಹೋಗಿ ಬಾಟಲಿ ತೆಗೆದೆ.

ವಾಸನೆ ಬಂತು. ವೈನು, ಅತ್ತೆ. ಸಭೆಗಳಲ್ಲಿ ಎಷ್ಟೋ ಕಡೆ ಕೊಡೋ ಅಪ್ಪಟ ವೈನು. ತೆಳ್ಳಗಿನ ಪರದೆಯ ಆಚೆ ನಮ್ಮವರೆಲ್ಲ ಕಣ್ಣು ಮುಚ್ಚಿ ಕೂತಿದ್ದಾರೆ, ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಹಾಡ್ತಿದ್ದಾರೆ. ಪಾಪ, ದೇವರ ಮೇಜಿನಿಂದ ಬಂದದ್ದು ಅಂತ ಅವರು ನಂಬಿ ಕುಡಿದುಬಿಡೋರು, ಆಮೇಲೆ ನಾಲಿಗೆ ಸುಮ್ಮನೆ ಇರ್ತಿತ್ತಾ? ನಿಮ್ಮ ಹತ್ತಿರ ಸುಳ್ಳು ಯಾಕೆ, ನನ್ನ ಬಾಯಲ್ಲಿ ನೀರೂರಿತು. ಬಿರಡೆ ತಿರುಗಿಸಿ ಮುಚ್ಚಿ, ಅಡುಗೆಮನೆಗೆ ಓಡಿ, ನಾನು ಕುದಿಸಿದ ರಸ ತಂದು ಲೋಟಗಳಿಗೆ ತುಂಬಿ ತಟ್ಟೆ ಹೊತ್ತುಕೊಂಡು ಹೋದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಪಾಸ್ಟರಿಗೆ ಮಾತ್ರ ಗುಟುಕು ಬಾಯಿಗೆ ಬಿದ್ದಾಗ ತಿಳಿಯಿತು. ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಅಯ್ಯೋ, ನನ್ನ ತಲೆಗೆ ಹೊಳೀಲೇ ಇಲ್ಲ, ಅದನ್ನು ಚರಂಡಿಗೆ ಸುರಿದುಬಿಡಿ ಅಂದು, ನನ್ನ ಎರಡೂ ಕೈ ಹಿಡಕೊಂಡು ಅತ್ತೇಬಿಟ್ಟರು.

ಅವರೇ ದೊಡ್ಡಣ್ಣನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡಿದ್ದಾರೆ. ದೊಡ್ಡಣ್ಣ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸ್ಸು ಬಂದವರೇ ಊಟದ ಹೊತ್ತಿಗೆ ಎದ್ದು ನಿಂತು ಎಲ್ಲರಿಗೂ ಹೇಳಿದರು. ಈ ಟೈಲರ್ ಇಡೀ ಮನೆಯನ್ನು ಉಳಿಸಿದ ಅಂದರು. ಚಪ್ಪಾಳೆ, ಸ್ತೋತ್ರ, ಬೆನ್ನು ತಟ್ಟೋದು, ನನ್ನನ್ನು ಅಟ್ಟಕ್ಕೇರಿಸಿ ಏಣಿ ತೆಗೆದರು. ದೇವರು ನಿನಗೆ ಮಾಡಿದ್ದಕ್ಕೆ ಸಾಕ್ಷಿ ಹೇಳು ಅಂತ ನಿಲ್ಲಿಸಿದರು. ಏನೋ ಎರಡು ಮಾತು ತೊದಲಿ ಕೂತೆ. ಅದನ್ನೂ ವಿನಯ ಅಂತ ತಿಳಕೊಂಡರು. ದೊಡ್ಡಣ್ಣನ ಇನ್ನೊಂದು ಕಣ್ಣು ನನ್ನ ಮೇಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಕೂತಲ್ಲೇ ಹಾಗೆ ಹೆಗಲು ಮುಟ್ಟಿಕೊಳ್ಳೋದೊಂದು ಬಾಕಿ. ಆಮೇಲೆ ಅವರು, ಇನ್ನು ಇವನನ್ನು ಇಲ್ಲಿ ಇಟ್ಟುಕೊಳ್ಳೋದು ತಪ್ಪು, ಟೈಲರ್ ಸಿದ್ಧವಾಗಿದ್ದಾನೆ, ಈ ಭಾನುವಾರವೇ ಮನೆಗೆ ಹೋಗಲಿ ಅಂತ ಅಲ್ಲೇ ತೀರ್ಮಾನ ಮಾಡಿ ನಿಮಗೆ ಫೋನು ಹಚ್ಚಿದರು.

ನೀವು ಹೂಂ ಅಂದಿರಂತೆ. ಒಂದೇ ಮಾತಿಗೆ. ನಾನು ನಂಬಲೇ ಇಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ, ಅಳಿಯನಿಗೂ ಒಂದು ಕಾಲ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ನನ್ನ ಹೊಲಿಗೆ ಅಂಗಡಿ ಮೇಲಿನ ನಮ್ಮ ಕೋಣೆಗೆ ನೀವೇ ನಿಂತು ಸುಣ್ಣ ಹೊಡೆಸಿದ್ದೀರಂತೆ, ನಿಮ್ಮ ಮಗಳು ಆಗಲೇ ಪಾತ್ರೆ ಸಾಗಿಸಿದ್ದಾಳಂತೆ, ಪುಟ್ಟಿ ಸ್ಕೂಲಿನಲ್ಲೆಲ್ಲ ನಮ್ಮಪ್ಪ ಬರ್ತಾರೆ ಅಂತ ಡಂಗುರ ಸಾರಿದ್ದಾಳಂತೆ. ಇದನ್ನೆಲ್ಲ ಕೇಳಿ ಖುಷಿಯಾಗದೆ ಇರುತ್ತಾ? ಆಯಿತು, ತುಂಬ ಆಯಿತು. ಆದರೆ ಗೇಟಿನ ಹತ್ತಿರ ನನ್ನನ್ನು ಬಿಟ್ಟುಹೋಗುವಾಗ ನೀವು ಆಡಿದ ಮಾತೂ ನನಗೆ ಮರೆತಿಲ್ಲ. ಅಳಿಯಂದ್ರೇ, ಗಿರಾಕಿಗಳಿಗೆ ಹೇಳೋ ಹಾಗೆ ನಾಳೆ ಬನ್ನಿ ನಾಡಿದ್ದು ಬನ್ನಿ ಅನ್ನೋದು ಇನ್ನು ನನ್ನ ಹತ್ತಿರ ನಡೆಯೋದಿಲ್ಲ, ಕರೆದ ದಿನ ನೀವು ಬರಲಿಲ್ಲ ಅಂದರೆ ನನ್ನ ಮಗಳು ನನ್ನ ಮನೆಯಲ್ಲೇ ಇರ್ತಾಳೆ ಅಂದಿರಿ. ನೀವು ಹೇಳಿದ್ದನ್ನು ಮಾಡೋರು. ನನಗೆ ನಿಮ್ಮ ಮೇಲೆ ಕೋಪ ಇಲ್ಲ, ನಾನು ನಿಮ್ಮ ಜಾಗದಲ್ಲಿದ್ದರೂ ಅದನ್ನೇ ಹೇಳ್ತಿದ್ದೆ.

ಪುಟ್ಟಿಗೆ ಒಂದು ಫ್ರಾಕು ಹೊಲೀತಿದ್ದೀನಿ. ಮಿಕ್ಕಿದ ಬಟ್ಟೆಯಲ್ಲಿ ಅಂತ ದೊಡ್ಡಣ್ಣನಿಗೆ ಹೇಳಿದ್ದೀನಿ, ಮಿಕ್ಕೋ ಹಾಗೆ ಕತ್ತರಿಸಿದವನು ನಾನೇ. ನೀವು ಬಂದಾಗ ಅಳತೆ ಪಟ್ಟಿ ತೆಗೆದರೆ ಅವಳು ಕಚಗುಳಿ ಅಂತ ಓಡ್ತಾಳೆ, ಅದಕ್ಕೆ ಎತ್ತಿಕೊಂಡು ಕೈಯಲ್ಲೇ ಅಳತೆ ನೋಡಿದ್ದೆ. ತೋಳು ಕೂರಿಸೋದು, ಅಂಚು ಮಡಚೋದು ಬಾಕಿ ಇದೆ. ಕೂತರೆ ಒಂದು ಗಂಟೆಯ ಕೆಲಸ. ಕೂರೋದೇ ಆಗ್ತಿಲ್ಲ. ಈಗ ನೋಡಿ, ಈ ಸಾಲು ಬರೆಯುವಾಗಲೂ ಕಾಲು ಸುಮ್ಮನೆ ಪೆಡಲು ತುಳೀತಿದೆ, ಸೂಜಿಯಲ್ಲಿ ದಾರವೂ ಇಲ್ಲ, ಕೆಳಗೆ ಬಟ್ಟೆಯೂ ಇಲ್ಲ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಎರಡು ಕೆನ್ನೆಗೂ ಮುತ್ತು. ನಿಮ್ಮ ಮಗಳಿಗೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ, ಅವಳಿಗೆ ಬೇರೆ ಬರೀತೀನಿ. ನಿಮ್ಮ ಮಂಡಿಗೆ ದೇವರು ಬೇಗ ಗುಣ ಕೊಡಲಿ, ನನ್ನ ಗಲಾಟೆ ಕಮ್ಮಿ ಆದರೆ ತಾನಾಗಿಯೇ ಗುಣ ಆಗುತ್ತೆ.

ಇಂತಿ, ಮಗನಲ್ಲದಿದ್ದರೂ ನಿಮ್ಮವನೇ ಆದ,
ಅಳಿಯ

ಬರೆಯೋದು ಬಿಟ್ಟದ್ದು: ಬ್ರೆಡ್ಡಿನ ವ್ಯಾನಿನವನು ಗೇಟಿನಲ್ಲಿ ಹಾರ್ನ್ ಹೊಡೀತಿದ್ದಾನೆ, ಈ ಪತ್ರ ನಾಳೆಯೇ ನಿಮ್ಮ ಕೈಗೆ ಕೊಡ್ತೀನಿ ಅಂದಿದ್ದಾನೆ, ಅದಕ್ಕೆ ಅವಸರದಲ್ಲಿ ಬರೀತೀನಿ. ಅತ್ತೆ, ಆ ಬಾಟಲಿಯನ್ನು ನಾನು ಸುರೀಲಿಲ್ಲ. ಎಡಗಡೆ ಡ್ರಾಯರಿನಲ್ಲಿ ಕತ್ತರಿ ಪಕ್ಕ ಇಟ್ಟಿದ್ದೆ. ಬಾಟಲಿ ಎಲ್ಲಿ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕುಡೀಲಿಲ್ಲ, ಪುಟ್ಟಿ ಆಣೆಗೂ ಕುಡೀಲಿಲ್ಲ, ಆದರೆ ಭಾನುವಾರದಿಂದ ಅದು ಇದೆ ಅನ್ನೋ ಧೈರ್ಯದಲ್ಲೇ ಓಡಾಡ್ತಿದ್ದೆ. ಮೇಲೆ ಸಹಿ ಹಾಕಿ ಮಡಚುವಾಗ ಕೈ ತಾನಾಗಿ ಡ್ರಾಯರು ಎಳೆಯಿತು, ಬಿರಡೆಯೂ ತಿರುಗಿತು. ಅದನ್ನು ಅಲ್ಲೇ ಬಿಟ್ಟು ಹೊರಗೆ ಓಡಿ ಆ ಕಂಬಿಯನ್ನು ಹೊಡೆದೆ. ಯಾರು ಹೊಡೆದದ್ದು ಅಂತ ನೋಡಿ ಒಂದು ಕ್ಷಣ ಎಲ್ಲರೂ ನಿಂತುಬಿಟ್ಟರು, ಆಮೇಲೆ ಬಂದರು. ಈಗ ಹೊಲಿಗೆ ಕೋಣೆಯ ನೆಲದ ಮೇಲೆ ನನ್ನ ಸುತ್ತ ಕೂತಿದ್ದಾರೆ, ಮೇಷ್ಟ್ರು ಹಾಡು ಶುರುಮಾಡಿದ್ದಾರೆ. ಬಾಟಲಿಯನ್ನು ದೊಡ್ಡಣ್ಣನೇ ಚರಂಡಿಗೆ ಸುರಿದು ಬಂದು ಅವರೂ ನೆಲದ ಮೇಲೆ ಕೂತರು. ನಾನು ಸಿದ್ಧ ಇಲ್ಲ, ಇನ್ನೂ ಸ್ವಲ್ಪ ಕಾಲ ಇಟ್ಟುಕೊಳ್ಳಿ ಅಂತ ನಾನೇ ಕೇಳಿದ್ದೀನಿ. ಭಾನುವಾರ ಬನ್ನಿ, ಕರಕೊಂಡು ಹೋಗೋಕೆ ಅಲ್ಲ, ನೋಡೋಕೆ. ಇದು ಟೈಲರ್ ಹೇಳೋ ನಾಳೆ ಅಲ್ಲ ಅತ್ತೆ, ಆದರೂ ನೀವು ಗೇಟಿನಲ್ಲಿ ಹೇಳಿದ್ದನ್ನೇ ಮಾಡಿದರೆ ನಾನು ಎದುರು ಮಾತಾಡೋದಿಲ್ಲ. ನಿಮ್ಮ ಮಗಳಿಗೆ ಇದನ್ನು ನೀವೇ ಹೇಳಬೇಕು. ಉಳಿದದ್ದೆಲ್ಲ ಆಮೇಲೆ ಹೇಳಿದರೂ ಪರವಾಗಿಲ್ಲ, ಮೊದಲು ಇಷ್ಟು ಹೇಳಿ, ನಿನ್ನ ಗಂಡ ಕೊನೆಗೂ ಕರೆದ ಅಂತ.